ಮೂರನೇ ವಾರದ ಕಾಲು

ಕಾರವಾರ, ಫೆಬ್ರವರಿ 8, ಭಾನುವಾರ

ಮುಂಬೈ ಮ್ಯಾರಥಾನ್ ಮುಗಿದು ಮೂರು ವಾರ. ನೋವು ಹೋಗಿರುತ್ತದೆ, ಹುಮ್ಮಸ್ಸು ಮರಳಿರುತ್ತದೆ. ಕಾಲು ಕೆಡಿಸಿಕೊಳ್ಳುವವರು ಹೆಚ್ಚಾಗಿ ಕೆಡಿಸಿಕೊಳ್ಳುವುದು ಈಗಲೇ.

ಮೊದಲ ವಾರ ಯಾರೂ ಬುದ್ಧಿ ಹೇಳಬೇಕಾಗಿಲ್ಲ, ಮೆಟ್ಟಿಲೇ ಹೇಳುತ್ತದೆ. ಹತ್ತುವುದಕ್ಕಿಂತ ಇಳಿಯುವಾಗ ನೋವು ಜಾಸ್ತಿ. ಮೈಭಾರ ತಡೆಯುವಾಗ ತೊಡೆಯ ಮುಂಭಾಗದ ಸ್ನಾಯು ಬಿಗಿಯಾಗಿಯೇ ಉದ್ದಕ್ಕೆ ಎಳೆಯಲ್ಪಡುತ್ತದೆ. ಅದರ ಎಳೆಗಳು ಹರಿಯುವುದು ಹಾಗೆ. ಮ್ಯಾರಥಾನಿನ ಕೊನೆಯ ಹಂತದಲ್ಲಿ ಪೆಡರ್ ರೋಡ್ ದಿಬ್ಬ ಏರಿ ಇಳಿದ ತೊಡೆಗಂತೂ ಕೇಳುವುದೇ ಬೇಡ. ಆಗ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ನುಂಗುವ ಚಾಳಿ ಬೇಡ, ನೀರು ಬತ್ತಿದ ಮೈಯಲ್ಲಿ ಅದು ಕಿಡ್ನಿಗೆ ಪೆಟ್ಟು. ಉಪ್ಪು ಹಾಕಿದ ಕುಚಲಕ್ಕಿ ಗಂಜಿ, ಬಂಗುಡೆ ಸಾರು ಅಥವಾ ಮೊಟ್ಟೆ, ಮಧ್ಯಾಹ್ನಕ್ಕೆ ಮುರುಗಲು ಪಾನಕ ಸಾಕು. ದುಬಾರಿ ಪ್ರೋಟೀನ್ ಡಬ್ಬಿ ಅಂಗಡಿಯಲ್ಲೇ ಇರಲಿ.

ಎರಡನೇ ವಾರ ದಿನ ಬಿಟ್ಟು ದಿನ 30 ನಿಮಿಷ, ಪಕ್ಕದವರ ಜೊತೆ ಮಾತಾಡುತ್ತ ಓಡುವಷ್ಟು ನಿಧಾನ. ಮೂರನೇ ವಾರ ನಾಲ್ಕು ದಿನ, 40–50 ನಿಮಿಷ. ವೇಗಕ್ಕೆ ಕೈ ಹಾಕುವ ಮೊದಲು ಒಂದು ಪರೀಕ್ಷೆ: ಮೆಟ್ಟಿಲ ಅಂಚಿನಲ್ಲಿ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ಕೆಳಗಿನ ಮೆಟ್ಟಿಲಿಗೆ ತಾಗುವವರೆಗೆ ನಿಧಾನಕ್ಕೆ ಹತ್ತು ಸಲ ಇಳಿಯಬೇಕು. ಮಂಡಿ ಒಳಕ್ಕೆ ವಾಲಿದರೆ, ತೊಡೆ ನಡುಗಿದರೆ ಇನ್ನೊಂದು ವಾರ ಸುಮ್ಮನಿರಿ. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸುವುದೂ ಒಳ್ಳೆಯದು. ಎರಡು ದಿನ ಸತತ ಮಾಮೂಲಿಗಿಂತ ಏಳೆಂಟು ಹೆಚ್ಚಿದ್ದರೆ ಓಟಕ್ಕೆ ರಜೆ.

ಟಾಗೋರ್ ಕಡಲತೀರದ ಮರಳು ಮೆತ್ತಗಿದೆ, ಕಾಲಿಗೆ ಹಿತ ಎನ್ನುವುದು ಅರ್ಧ ಸತ್ಯ. ಒಣ ಮರಳಲ್ಲಿ ಹಿಮ್ಮಡಿ ಹೂತು ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜು ಎರಡೂ ಜಗ್ಗುತ್ತವೆ. ಓಡಬೇಕಾದ್ದು ಇಳಿತದ ಹೊತ್ತಿನ ಒದ್ದೆ, ಗಟ್ಟಿ ಮರಳಿನಲ್ಲಿ. ಅದೂ ಸಮುದ್ರದತ್ತ ಇಳಿಜಾರು: ಉತ್ತರಕ್ಕೆ ಕೋಡಿಬಾಗ ಕಡೆಗೆ ಹೋಗುವಾಗ ಎಡಗಾಲು ತಗ್ಗಿನಲ್ಲಿ, ದಕ್ಷಿಣಕ್ಕೆ ಬೈತಖೋಲ ಕಡೆಗೆ ಬರುವಾಗ ಬಲಗಾಲು. ಒಂದೇ ದಿಕ್ಕಿನಲ್ಲಿ ದೂರ ಓಡಿ ರಿಕ್ಷಾದಲ್ಲಿ ಮನೆಗೆ ಬಂದರೆ ಮಂಡಿಯ ಹೊರಬದಿ ಹಿಡಿದುಕೊಳ್ಳುತ್ತದೆ. ಹೋದಷ್ಟೇ ವಾಪಸ್ ಬನ್ನಿ, ಹತ್ತು ನಿಮಿಷಕ್ಕೊಮ್ಮೆ ತಿರುಗಿದರೆ ಇನ್ನೂ ಒಳ್ಳೆಯದು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ನಸುಕಿಗೆ ಗಟ್ಟಿ ಮರಳು ದಿನಾ ಸಿಗದು. ಆ ದಿನಗಳಿಗೆ ಊರೊಳಗಿನ ಡಾಂಬರು ರಸ್ತೆಯೇ ಲೇಸು. ಕಾಳಿ ಸೇತುವೆ ಕತ್ತಲಲ್ಲಿ ಬೇಡವೇ ಬೇಡ, ಲಾರಿಗಳ ಹಾವಳಿ.

ಈಗ ಲೆಕ್ಕ. 4 ಗಂಟೆಯ ಮ್ಯಾರಥಾನ್ ಎಂದರೆ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡ್ (5:41). ಮುಂದಿನದು 3 ಗಂಟೆ 45 ನಿಮಿಷ (3:45) ಆಗಬೇಕೆಂದರೆ 5:20. ಬರೀ 21 ಸೆಕೆಂಡ್ ಅನಿಸುತ್ತದೆ. ಆದರೆ 4 ಗಂಟೆ ಓಡಿದ ಮೈಗೆ ಇವತ್ತು 5:20 ಎಂದರೆ ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯಬಹುದಾದ ವೇಗ, ಅಂದರೆ ಟೆಂಪೋ. ಅದನ್ನೇ ಮುಂದೆ ಮೂರೂ ಮುಕ್ಕಾಲು ಗಂಟೆ ಹಿಡಿಯಬೇಕು. ಕನಸಿನ ಸಮಯ ನೋಡಿ ಟೆಂಪೋವನ್ನು ಈಗಲೇ 5:00ಕ್ಕೆ ಇಳಿಸುವವರು ಎರಡು ವಾರ ಗೆಲ್ಲುತ್ತಾರೆ, ಮೂರನೆಯದಕ್ಕೆ ಕಾಲು ಹಿಡಿದು ಕೂರುತ್ತಾರೆ.

ಹಾಗಾಗಿ ನಾಲ್ಕನೇ ವಾರ ನಿಧಾನದ ಓಟದ ಕೊನೆಗೆ 20 ಸೆಕೆಂಡಿನ ಆರು ವೇಗದ ಓಟ, ಅಷ್ಟೇ. ನಡುವೆ ಉಸಿರು ತಹಬಂದಿಗೆ ಬರುವವರೆಗೆ ನಡಿಗೆ. ಐದನೇ ವಾರದಿಂದ 8 ನಿಮಿಷದ ಮೂರು ಟೆಂಪೋ, 5:20ರಲ್ಲಿ, ನಡುವೆ 2 ನಿಮಿಷ ಮೆಲ್ಲಗೆ. ಉಳಿದ ಓಟವೆಲ್ಲ 6:30ರಿಂದ 7:00. ಇದನ್ನು 6:00ಕ್ಕೆ ಎಳೆಯುವುದೇ ನಮ್ಮಲ್ಲಿ ಸಾಮಾನ್ಯ ಕಾಯಿಲೆ. ಮಾರ್ಚ್ ಸೆಖೆ ಶುರುವಾದ ಮೇಲೆ ಬೆವರು ಮೈಮೇಲೇ ನಿಲ್ಲುತ್ತದೆ, ಆರುವುದಿಲ್ಲ, ಮೈ ತಣಿಯುವುದಿಲ್ಲ. ಆಗ ಗಡಿಯಾರ ಬಿಟ್ಟು ಉಸಿರು ನೋಡಿ ಓಡಬೇಕು.

ಎಂಟನೇ ವಾರ ಒಂದು 10 ಕಿ.ಮೀ. ಪೂರ್ತಿ ಜೋರಿನಲ್ಲಿ ಓಡಿ ನೋಡಿ. 4 ಗಂಟೆಯ ಮ್ಯಾರಥಾನ್ ಓಡಿದವರಿಗೆ ಅದು ಈಗ 52 ನಿಮಿಷದ ಆಸುಪಾಸು ಇರುತ್ತದೆ. 3:45ಕ್ಕೆ 49 ಬೇಕು. 51 ಬಂದರೆ ಟೆಂಪೋ ಐದು ಸೆಕೆಂಡ್ ಇಳಿಸಿ, ಅದಕ್ಕಿಂತ ಹೆಚ್ಚು ಬೇಡ.