ಮೂವತ್ತು ಜಿಲ್ಲೆ, ಒಂದು ಹಾಳೆ: ಕೊನೆಗೂ ಚುಕ್ಕಿ ಗೆದ್ದಿತು

ಕರ್ನಾಟಕದ ಜನಗಣತಿ ನಕ್ಷೆ (ಗ್ರಾಫ್) ಈ ವಾರ ಮುಗಿಯಿತು. 2011ರ ಲೆಕ್ಕದ ಮೂವತ್ತೂ ಜಿಲ್ಲೆ ಒಂದೇ ಹಾಳೆಯಲ್ಲಿ, ಪೂರ್ತಿ ಕೈಬರಹ. ಕೋಷ್ಟಕ ಮಾಡುವುದು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ, ಅದನ್ನು ಬಿಡೋಣ. ಮೂರು ಹಾಳೆ ತಿಂದುಹಾಕಿದ ತೊಡಕು ಒಂದೇ: ಬೆಂಗಳೂರು ನಗರ ಜಿಲ್ಲೆಯ 96,21,551 ಮತ್ತು ಕೊಡಗಿನ 5,54,519 ಒಂದೇ ಅಕ್ಷದ ಮೇಲೆ ಕೂರಬೇಕು. ಹದಿನೇಳು ಪಟ್ಟಿಗೂ ಮಿಗಿಲಾದ ಅಂತರ.

ಮೊದಲ ಹಾಳೆ ಮಾಮೂಲಿ ಬಾರ್ ನಕ್ಷೆ. 25 ಸೆಂ.ಮೀ. ಎತ್ತರ, 1 ಸೆಂ.ಮೀ.ಗೆ 4 ಲಕ್ಷ. ಬೆಂಗಳೂರು 24 ಸೆಂ.ಮೀ., ಕೊಡಗು 1.4. ಇಷ್ಟೇ ಆಗಿದ್ದರೆ ಸುಧಾರಿಸಬಹುದಿತ್ತು. ಆದರೆ ಬೆಂಗಳೂರು, ಬೆಳಗಾವಿ, ಮೈಸೂರು ಬಿಟ್ಟರೆ ಉಳಿದ 27 ಜಿಲ್ಲೆಗಳೂ ಕೆಳಗಿನ 6.7 ಸೆಂ.ಮೀ. ಒಳಗೇ ಒತ್ತಿಕೊಂಡವು. ಉಡುಪಿಯಿಂದ ಬೆಂಗಳೂರು ಗ್ರಾಮಾಂತರದವರೆಗಿನ ಏಳು ಜಿಲ್ಲೆಗಳ ಎತ್ತರದಲ್ಲಿ ಒಟ್ಟು ವ್ಯತ್ಯಾಸ 5 ಮಿ.ಮೀ. ಕೂಡ ಇಲ್ಲ. 0.5 ಪೆನ್ನಿನ ಗೆರೆಯೇ ಅರ್ಧ ಮಿ.ಮೀ. ದಪ್ಪ. ಹಾಳೆಯ ಮುಕ್ಕಾಲು ಭಾಗ ಒಂದೆರಡು ಜಿಲ್ಲೆಗಾಗಿ ಖಾಲಿ ಬಿದ್ದಿತ್ತು.

ಇಂಥ ಕಡೆ ಹಲವರು ಅಕ್ಷವನ್ನು ಅಂಕುಡೊಂಕು ಗೆರೆಯಿಂದ ಮುರಿದು ದೊಡ್ಡ ಬಾರನ್ನು ಮೊಟಕುಗೊಳಿಸುತ್ತಾರೆ. ಅದು ತಪ್ಪು. ಬಾರಿನಲ್ಲಿ ಕಣ್ಣು ಓದುವುದೇ ಉದ್ದವನ್ನು. ಬೆಂಗಳೂರನ್ನು 50 ಲಕ್ಷದ ಹತ್ತಿರ ಕತ್ತರಿಸಿದರೆ ಅದು 47.8 ಲಕ್ಷದ ಬೆಳಗಾವಿಯ ಪಕ್ಕದಲ್ಲೇ ನಿಂತಂತೆ ಕಾಣುತ್ತದೆ, ಹೇಳಬೇಕಾದ ಮಾತೇ ಸತ್ತುಹೋಗುತ್ತದೆ. ಪೈ ಚಾರ್ಟ್ ಅಂತೂ ಬೇಡವೇ ಬೇಡ: ಕೊಡಗಿನ ಪಾಲಿಗೆ 3.3 ಡಿಗ್ರಿ ಸಿಗುತ್ತದೆ, ಕೋನಮಾಪಕ ಇಟ್ಟು ಮೂವತ್ತು ತುಂಡು ಮಾಡಿದರೂ ಯಾವುದು ದೊಡ್ಡದು ಎಂದು ತಿಳಿಯುವುದಿಲ್ಲ.

ಹಾಗಾಗಿ ಸೆಮಿ-ಲಾಗ್ ಹಾಳೆ. ಇದರ ಒಂದು ಅಕ್ಷ ಮಾಮೂಲಿ, ಇನ್ನೊಂದು ಲಾಗ್: ಅದರ ಮೇಲೆ ಸಮಾನ ದೂರ ಎಂದರೆ ಸಮಾನ ಪಟ್ಟು, ಹತ್ತು ಪಟ್ಟು ಏರುವಷ್ಟು ದೂರವೇ ಒಂದು ಸೈಕಲ್. ಇಲ್ಲಿ ಅಂಗಡಿಯವರ ವಿಷಯ ಹೇಳಲೇಬೇಕು. ಎರಡು ಸೈಕಲ್‌ನ ಹಾಳೆ ಕೇಳಿದರೆ ಎರಡೂ ಸಲ ಬಂದದ್ದು ಮೂರು ಸೈಕಲ್‌ನದು, ಅದೂ ಶಾಯಿ ಹರಡುವ ತೆಳು ಕಾಗದ. ನಮ್ಮ ಅಂಕಿಗಳಿಗೆ 1ರಿಂದ 10 ಲಕ್ಷ, 10ರಿಂದ 100 ಲಕ್ಷ, ಎರಡೇ ಸೈಕಲ್ ಸಾಕು. ಮೂರರದ್ದು ತಂದರೆ 12.5 ಸೆಂ.ಮೀ. ಇರಬೇಕಾದ ಸೈಕಲ್ 8.3ಕ್ಕೆ ಕುಗ್ಗುತ್ತದೆ. ಕಡೆಗೆ ದಪ್ಪ ಎ4 ಹಾಳೆಯಲ್ಲಿ ನಾವೇ ಮುದ್ರಿಸಿಕೊಳ್ಳಬೇಕಾಯಿತು. ಮುದ್ರಿಸುವಾಗ 'ಫಿಟ್ ಟು ಪೇಜ್' ತೆಗೆದು 100 ಪ್ರತಿಶತ ಇಡಿ. ಹಾಳೆ ಕುಗ್ಗಿದರೂ ಅದರ ಗೆರೆ ನೋಡಿಯೇ ಗುರುತಿಸಿದರೆ ತಪ್ಪಾಗದು. ಸ್ಕೇಲಿನಿಂದ ಅಳೆದು ಇಟ್ಟರೆ ಮಾತ್ರ ಎಲ್ಲ ಜರುಗುತ್ತದೆ.

ಎರಡನೇ ಹಾಳೆ ಹಾಳಾದದ್ದು ಲಾಗ್ ಅಕ್ಷದ ಮೇಲೆ ಬಾರ್ ನಿಲ್ಲಿಸಿದ್ದಕ್ಕೆ. ಲಾಗ್ ಅಕ್ಷದಲ್ಲಿ ಸೊನ್ನೆ ಇರುವುದೇ ಇಲ್ಲ, ಬಾರಿಗೆ ಬುಡ ಎಲ್ಲಿ? 1 ಲಕ್ಷದಿಂದ ಎಬ್ಬಿಸಿದರೆ ಬೆಂಗಳೂರು 24.8 ಸೆಂ.ಮೀ., ಕೊಡಗು 9.3, ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಅದೇ ಬಾರನ್ನು 5 ಲಕ್ಷದಿಂದ ಎಬ್ಬಿಸಿದರೆ 16 ಸೆಂ.ಮೀ. ಮತ್ತು 5.6 ಮಿ.ಮೀ.; 28 ಪಟ್ಟು. ಅಂಕಿ ಅದೇ, ಬುಡ ಬದಲಾಯಿಸಿದ ಕೂಡಲೇ ಚಿತ್ರವೇ ಬೇರೆ.

ಉದ್ದವೇ ಬೇಡ, ಜಾಗ ಮಾತ್ರ ಸಾಕು ಎಂದಾಗ ಉಳಿಯುವುದು ಚುಕ್ಕಿ ನಕ್ಷೆ: ಜಿಲ್ಲೆಗೊಂದು ಸಾಲು, ಅದರ ಅಂಕಿ ಬರುವ ಜಾಗದಲ್ಲಿ ಒಂದು ಚುಕ್ಕಿ. ಚುಕ್ಕಿಗೆ ಬುಡ ಬೇಕಿಲ್ಲ. ಹಾಳೆ ಅಡ್ಡ ತಿರುಗಿಸಿ, ಲಾಗ್ ಅಕ್ಷ ಎಡದಿಂದ ಬಲಕ್ಕೆ. ಸಾಲಿಗೆ 5 ಮಿ.ಮೀ., ಮೂವತ್ತು ಸಾಲಿಗೆ 15 ಸೆಂ.ಮೀ., ಉಳಿದ 3 ಸೆಂ.ಮೀ. ಶೀರ್ಷಿಕೆ ಮತ್ತು ಅಂಕಿಗಳಿಗೆ. ಕೊಡಗೇ 5.5 ಲಕ್ಷದಲ್ಲಿ ಇರುವುದರಿಂದ ಅಕ್ಷವನ್ನು 5 ಲಕ್ಷದಿಂದ ಶುರು ಮಾಡಿದರೆ ಅದರ ಎಡಕ್ಕೆ 8.7 ಸೆಂ.ಮೀ. ಜಾಗ ಪುಕ್ಕಟೆ ಸಿಗುತ್ತದೆ. ಜಿಲ್ಲೆಗಳ ಹೆಸರು ಅಲ್ಲೇ. 'ಚಿಕ್ಕಬಳ್ಳಾಪುರ'ವೂ ಇಕ್ಕಟ್ಟಿಲ್ಲದೆ ಕೂರುತ್ತದೆ.

ಮೂರನೇ ಹಾಳೆ ಬಳ್ಳಾರಿಯಲ್ಲಿ ಕೆಟ್ಟಿತು. ಮುದ್ರಿಸಿದ ಹಾಳೆಯಲ್ಲಿ 20 ಮತ್ತು 30 ಲಕ್ಷದ ನಡುವೆ ಉಪಗೆರೆ ಇರಲಿಲ್ಲ, 2.2 ಸೆಂ.ಮೀ. ಬಯಲು. ನಟ್ಟನಡುವೆ 25 ಎಂದುಕೊಂಡು ಕಲಬುರಗಿ, ಬಳ್ಳಾರಿ ಎರಡನ್ನೂ ಇಟ್ಟದ್ದು ತಪ್ಪಾಯಿತು. ಲಾಗ್ ಅಕ್ಷದ ನಡುಬಿಂದು ಗುಣಲಬ್ಧದ ವರ್ಗಮೂಲ: 20 ಗುಣಿಸು 30, ಅಂದರೆ 600ರ ವರ್ಗಮೂಲ, 24.5. ಬಳ್ಳಾರಿಯ ಜನಸಂಖ್ಯೆ 24.53 ಲಕ್ಷ! (ವಿಜಯನಗರ ಬೇರೆಯಾಗುವ ಮುಂಚಿನ ಬಳ್ಳಾರಿ ಇದು.) ನಡುಬಿಂದುವಿನಲ್ಲಿ ಕೂರಬೇಕಾದ್ದು ಅದೇ, 25 ಅದರ ಬಲಕ್ಕೆ ಒಂದು ಮಿ.ಮೀ. ಆಚೆ. ಉಪಗೆರೆ ಇಲ್ಲದ ಕಡೆ ಕಣ್ಣಂದಾಜು ಬೇಡ, ಮೊದಲು ಪೆನ್ಸಿಲಿನಲ್ಲಿ 22, 24, 26, 28 ಎಳೆದುಕೊಳ್ಳಿ.

ಇದೇ ಹಾಳೆಯನ್ನು ನೆಟ್ಟಗೆ ನಿಲ್ಲಿಸಿದರೆ ಮುಂದಿನ ಕೆಲಸ ಸಿದ್ಧ: ರಾಜ್ಯದ ಜನಸಂಖ್ಯೆ, 1901ರಿಂದ 2011. ಆಸೆ ಹುಟ್ಟಿಸಿದ್ದು ಎರಡು ದಶಕಗಳು. 1971–81ರಲ್ಲಿ 78 ಲಕ್ಷ ಸೇರಿತು, 2001–11ರಲ್ಲಿ 82 ಲಕ್ಷ. ಮಾಮೂಲಿ ಹಾಳೆಯಲ್ಲಿ ಎರಡನೆಯದೇ ಕಡಿದಾದ ಏರು. ಸೆಮಿ-ಲಾಗ್‌ನಲ್ಲಿ ಮೊದಲನೆಯದು 12.9 ಮಿ.ಮೀ. ಏರಿದರೆ ಎರಡನೆಯದು 7.9 ಮಾತ್ರ, ಏಕೆಂದರೆ ಬೆಳವಣಿಗೆ ದರ 26.75ರಿಂದ 15.60 ಪ್ರತಿಶತಕ್ಕೆ ಇಳಿದಿತ್ತು. ಗೆರೆ ಬಾಗಿದ ಜಾಗವನ್ನು ಕಣ್ಣಾರೆ ನೋಡಬೇಕು.

ಮತ್ತೆ ಚುಕ್ಕಿಗೆ. ನಾಲ್ಕನೇ ಹಾಳೆಯಲ್ಲಿ 2 ಮಿ.ಮೀ. ಚುಕ್ಕಿ, ವೃತ್ತದ ಟೆಂಪ್ಲೇಟ್ ಇಟ್ಟು. ಹೆಸರಿನಿಂದ ಚುಕ್ಕಿಗೆ ಕಣ್ಣು ಜಾರದಿರಲು 0.1 ಪೆನ್ನಿನಲ್ಲಿ ಮಂದ ಚುಕ್ಕೆಗೆರೆ ಎಳೆದದ್ದು ಸಾಲಿನ ಬಲತುದಿಯವರೆಗೂ. ಚುಕ್ಕಿಗೇ ನಿಲ್ಲಿಸಿದರೆ ಅದು ಮತ್ತೆ ಬಾರ್ ಆಗಿಬಿಡುತ್ತದೆ, ಬಿಟ್ಟು ಬಂದ ತಪ್ಪು ಹಿಂಬಾಗಿಲಿನಿಂದ ಒಳಬರುತ್ತದೆ. ಉಡುಪಿ (11,77,361) ಮತ್ತು ಯಾದಗಿರಿ (11,74,271) ಮಾತ್ರ ಯಾವ ಅಕ್ಷದಲ್ಲೂ ಬೇರೆಯಾಗವು. ಇವೆರಡರ ಪಕ್ಕ ಅಂಕಿಯನ್ನೇ ಬರೆದದ್ದಾಯಿತು.

ಕೊನೆಗೆ ಹಾಳೆಯ ಅಂಚಿನಿಂದ 3.76 ಸೆಂ.ಮೀ. ಉದ್ದದ ಒಂದು ಪಟ್ಟಿ ಕತ್ತರಿಸಿಕೊಳ್ಳಿ. ಈ ಅಕ್ಷದಲ್ಲಿ ಎಲ್ಲಿಟ್ಟರೂ ಅದು ಎರಡು ಪಟ್ಟು. ಒಂದು ತುದಿ ಬೆಳಗಾವಿಯ ನೇರಕ್ಕೆ ಇಟ್ಟರೆ ಇನ್ನೊಂದು ತುದಿ ಬೆಂಗಳೂರು ನಗರದ ಚುಕ್ಕಿಯನ್ನು ಮುಟ್ಟುತ್ತದೆ. ಕೊಡಗಿನ ನೇರಕ್ಕೆ ಇಟ್ಟರೆ ರಾಮನಗರ ಮತ್ತು ಚಿಕ್ಕಮಗಳೂರಿನ ಚುಕ್ಕಿಗಳ ನಡುವೆ ಬಂದು ನಿಲ್ಲುತ್ತದೆ.