ಕರಿಯಮ್ಮನಿಗೆ ಜೊತೆ ಸಿಕ್ಕಿತು

ಜೂನ್ 14, 2025, ಶನಿವಾರ
ರಾಜಾಜಿನಗರ, ಬೆಂಗಳೂರು

ಬೆಳಿಗ್ಗೆ ಏಳಕ್ಕೆ ಡಬ್ಬಿ ತೆಗೆದೆ. ಎಂಟು ದಿನದಿಂದ ಮೀನಿನ ತೊಟ್ಟಿಯ ಎಡಮೂಲೆಯಲ್ಲಿ, ತೂತು ಕೊರೆದ ಅಕ್ರಿಲಿಕ್ ಡಬ್ಬಿಯೊಳಗಿದ್ದ ಮರಿ ಮೊದಲ ಸಲ ಅಡ್ಡಗೋಡೆಯಿಲ್ಲದೆ ನಮ್ಮ ಕ್ಲೌನ್ ಮೀನು ಕರಿಯಮ್ಮನ ಎದುರು ನಿಂತಿತು. ಒಂದು ಕೈಯಲ್ಲಿ ಬಲೆ ಹಿಡಿದೇ ಕೂತಿದ್ದೆ. ಅಮ್ಮ ದೇವರ ದೀಪ ಹಚ್ಚಿ ಬಂದು ಹಿಂದೆ ನಿಂತಿದ್ದಳು. ಮಗಳು ಹಲ್ಲುಜ್ಜುವುದನ್ನು ಅರ್ಧಕ್ಕೇ ಬಿಟ್ಟು ಓಡಿಬಂದಿದ್ದಳು. ಮೂವರೂ ಮಾತಾಡಲಿಲ್ಲ.

ಆಮೇಲೆ ಏನಾಯಿತು ಅನ್ನುವುದಕ್ಕೆ ಮುಂಚೆ ಕರಿಯಮ್ಮನ ಕಥೆ ಬರೆದಿಡಬೇಕು. ಇಷ್ಟು ದಿನ ಬರೆಯಲು ಮನಸ್ಸು ಬಂದಿರಲಿಲ್ಲ.

ಮೂರು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬರಿಗೆ ಬೇರೆ ಊರಿಗೆ ವರ್ಗವಾದಾಗ ತಮ್ಮ ಉಪ್ಪುನೀರಿನ ತೊಟ್ಟಿಯಲ್ಲಿದ್ದ ಒಂಟಿ ಕ್ಲೌನ್ ಮೀನನ್ನು ನನಗೆ ಕೊಟ್ಟು ಹೋದರು. "ಕ್ಲಾರ್ಕಿ, ಕಪ್ಪು ಬಣ್ಣದ್ದು" ಅಂದಿದ್ದರು. ಕ್ಲಾರ್ಕಿ ಅಂದರೆ ಕ್ಲೌನ್ ಮೀನಿನ ಒಂದು ಜಾತಿ. ನಾನೂ ಹಾಗೇ ನಂಬಿದ್ದೆ. ಮೈಯೆಲ್ಲ ಕಡುಗಪ್ಪು, ಎರಡು ಬಿಳಿ ಪಟ್ಟೆ, ಅರಿಶಿನದಂಥ ಬಾಲ. ಅಮ್ಮ ನೋಡಿದ ದಿನವೇ ಕರಿಯಮ್ಮ ಅಂತ ಕರೆದಳು. ಹೆಣ್ಣೋ ಗಂಡೋ ಆಗ ನಮಗೆ ಗೊತ್ತಿರಲಿಲ್ಲ, ಆದರೆ ಅಮ್ಮನ ಬಾಯಲ್ಲಿ ಬಂದದ್ದೇ ಸರಿಯಾಯಿತು.

ಅನುಮಾನ ಶುರುವಾದದ್ದು ಮಗಳು ಶಾಲೆಗೆಂದು ಅದರ ಚಿತ್ರ ಬರೆಯುವಾಗ. ಕ್ಲಾರ್ಕಿಯ ಫೋಟೊ ಒಂದನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದವಳು, "ಫೋಟೊದಲ್ಲಿ ಮೂರು ಪಟ್ಟೆ ಇದೆ, ನಮ್ಮದರಲ್ಲಿ ಎರಡೇ ಇದೆ" ಅಂದಳು. ಅವತ್ತು ರಾತ್ರಿ ಟಾರ್ಚ್ ಹಿಡಿದು ಗಾಜಿಗೆ ಮೂಗು ತಾಗಿಸಿ ನೋಡಿದೆ. ಕ್ಲಾರ್ಕಿಯಲ್ಲಿ ಬಾಲ ಶುರುವಾಗುವ ಕಡೆ, ಆ ಸಣ್ಣ ಸೊಂಟದ ಸುತ್ತ, ಮೂರನೆಯ ಬಿಳಿ ಪಟ್ಟೆ ಇರುತ್ತದೆ. ಕರಿಯಮ್ಮನಿಗೆ ಅದು ಇಲ್ಲ. ಕಪ್ಪು ಮುಗಿದಲ್ಲಿಂದ ನೇರವಾಗಿ ಹಳದಿ ಬಾಲ. ನಡುವಿನ ಪಟ್ಟೆಯೂ ನೆಟ್ಟಗಿಲ್ಲ, ಮೇಲೆ ಹೋಗುತ್ತಾ ಸ್ವಲ್ಪ ಹಿಂದಕ್ಕೆ ವಾಲಿ ಬೆನ್ನಿನ ರೆಕ್ಕೆಯೊಳಕ್ಕೂ ಹತ್ತಿದೆ. ಮೈ ಕ್ಲಾರ್ಕಿಗಿಂತ ತುಸು ನೀಳ. ಇದೇ ಗುಂಪಿನ ಇನ್ನೊಂದು ಮೀನು ಪಾಲಿಮ್ನಸ್ ಇರಬಹುದೇ ಅಂತಲೂ ನೋಡಿದೆ. ಅದರ ಬಾಲ ಕಪ್ಪು, ಅಂಚು ಬಿಳಿ. ಹಾಗಾಗಿ ಅದೂ ಅಲ್ಲ. ಎಲ್ಲ ಗುರುತೂ ಸೇರಿ ತೋರಿಸಿದ್ದು ಒಂದೇ ಹೆಸರನ್ನು: ಆಂಫಿಪ್ರಿಯಾನ್ ಸೆಬೆ.

ಈ ಹೆಸರು ಕೊಟ್ಟದ್ದು 1853ರಲ್ಲಿ, ಡಚ್ ವೈದ್ಯ ಪೀಟರ್ ಬ್ಲೀಕರ್. ಅದಕ್ಕೂ ನೂರು ವರ್ಷಕ್ಕೆ ಹಿಂದೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಔಷಧಿ ವ್ಯಾಪಾರ ಮಾಡುತ್ತಾ ಪ್ರಾಣಿ, ಚಿಪ್ಪು, ಮೀನುಗಳನ್ನು ಕೂಡಿಟ್ಟ ಆಲ್ಬರ್ಟಸ್ ಸೆಬಾ ಎಂಬವರ ನೆನಪಿಗೆ. ಆದರೆ ಈ ಮೀನು ನಮ್ಮದೇ ಕಡಲಿನದು. ಅರೇಬಿಯಾದ ಕರಾವಳಿಯಿಂದ ಶ್ರೀಲಂಕಾ, ಅಂಡಮಾನ್ ದಾಟಿ ಜಾವಾವರೆಗೆ ಇದರ ಊರು. ಮನ್ನಾರ್ ಕೊಲ್ಲಿಯಲ್ಲೂ ಸಿಗುತ್ತದೆ. ಹೀಗಿದ್ದೂ ಅಂಗಡಿಗಳಲ್ಲಿ ನಿಜವಾದ ಸೆಬೆ ಅಪರೂಪ, 'ಸೆಬೆ' ಅಂತ ಬರೆದ ಚೀಟಿ ಮಾತ್ರ ಮಾಮೂಲಿ. ಚೀಟಿಯ ಕೆಳಗೆ ಈಜುತ್ತಿರುವುದು ಹೆಚ್ಚಾಗಿ ಕ್ಲಾರ್ಕಿ. ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಕ್ಲೌನ್ ಮೀನುಗಳು ಕಡಲಲ್ಲಿ ಆಸರೆ ಪಡೆಯುವುದು ಅನೆಮೊನಿ ಎಂಬ, ಹೂವಿನ ಹಾಗೆ ಕಾಣುವ ಪ್ರಾಣಿಯಲ್ಲಿ. ಅಂಗಡಿಯವರು 'ಸೆಬೆ ಅನೆಮೊನಿ' ಅನ್ನುವ ಕಡಲ ಹೂವಿನಲ್ಲಿ ಸೆಬೆ ಮೀನು ಕಡಲಲ್ಲಿ ವಾಸ ಮಾಡುವುದಿಲ್ಲ. ಅದು ನೆಚ್ಚುವುದು ಮರಳ ಮೇಲೆ ಚಾಪೆ ಹಾಸಿದ ಹಾಗೆ ಹರಡಿಕೊಳ್ಳುವ ಹ್ಯಾಡೊನಿ ಎಂಬ ಹೂವನ್ನು.

ಈ ತಪ್ಪು ಚೀಟಿಯಿಂದ ನಾನೂ ಪೆಟ್ಟು ತಿಂದಿದ್ದೇನೆ. ಎರಡು ವರ್ಷದ ಹಿಂದೆ ನಗರದ ಒಂದು ಅಂಗಡಿಯಲ್ಲಿ "ಸೆಬೆ, ಗ್ಯಾರಂಟಿ" ಅಂದರು. ಸಂಭ್ರಮದಲ್ಲಿ ಸೊಂಟದ ಪಟ್ಟೆ ನೋಡುವುದನ್ನೇ ಮರೆತು ತಂದೆ. ಅದು ಕ್ಲಾರ್ಕಿ, ಜೊತೆಗೆ ಕರಿಯಮ್ಮನಷ್ಟೇ ದೊಡ್ಡದು. ಸಂಜೆ ಬಿಟ್ಟರೆ ರಾತ್ರಿ ಹತ್ತರೊಳಗೆ ಎರಡರ ರೆಕ್ಕೆಯೂ ಹರಿದು ಚಿಂದಿಯಾಗಿತ್ತು. ಕರಿಯಮ್ಮನ ಎದೆಯ ರೆಕ್ಕೆ ಬೆಳೆದು ಸರಿಹೋಗಲು ವಾರಗಳೇ ಹಿಡಿದವು. ಅಂಗಡಿಯವರು ಮೀನನ್ನು ವಾಪಸ್ ತೆಗೆದುಕೊಂಡರು, ದುಡ್ಡು ಕೊಡಲಿಲ್ಲ. ದುಡ್ಡಿನ ಬೇಸರ ಬೇಗ ಹೋಯಿತು, ಹರಿದ ಆ ರೆಕ್ಕೆ ಕಣ್ಣಿಂದ ಹೋಗಲಿಲ್ಲ.

ಜಾತಿ ಒಂದು ತಪ್ಪಾದರೆ ಗಾತ್ರ ಇನ್ನೊಂದು ತಪ್ಪು. ಕ್ಲೌನ್ ಮೀನುಗಳ ಸಂಸಾರದ ಲೆಕ್ಕವೇ ಬೇರೆ. ಮೊಟ್ಟೆಯಿಂದ ಬಂದ ಮರಿ ಮೊದಲು ಹೆಣ್ಣಾಗುವುದೇ ಇಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಮಾತ್ರ ಹೆಣ್ಣು, ಅದಕ್ಕಿಂತ ಚಿಕ್ಕದು ಅದರ ಗಂಡು, ಉಳಿದವು ಬೆಳೆಯದೆ ಕಾಯುವ ಮರಿಗಳು. ಹೆಣ್ಣು ಸತ್ತರೆ ಗಂಡು ಹೆಣ್ಣಾಗುತ್ತದೆ, ಮರಿಗಳಲ್ಲಿ ದೊಡ್ಡದು ಗಂಡಾಗುತ್ತದೆ. ಇದನ್ನು ಫ್ರಿಕೆ ಎಂಬ ಹೆಸರಿನ ಇಬ್ಬರು ವಿಜ್ಞಾನಿಗಳು 1977ರಲ್ಲೇ ಬರೆದಿದ್ದಾರೆ. ಒಮ್ಮೆ ಹೆಣ್ಣಾದದ್ದು ಮತ್ತೆ ಗಂಡಾಗುವುದಿಲ್ಲ. ವರ್ಷಗಟ್ಟಲೆ ಒಂಟಿಯಾಗಿ, ಯಾರ ಕೈಕೆಳಗೂ ಇಲ್ಲದೆ, ಹನ್ನೊಂದು ಸೆಂಟಿಮೀಟರ್ ಬೆಳೆದ ಕರಿಯಮ್ಮ ಹೆಣ್ಣೇ ಆಗಿರಬೇಕು. ಅವಳ ಎದುರಿಗೆ ಇನ್ನೊಂದು ದೊಡ್ಡ ಮೀನು ನಿಲ್ಲಿಸುವುದೆಂದರೆ ಒಂದು ಮನೆಗೆ ಇಬ್ಬರು ಯಜಮಾನಿಯರನ್ನು ತಂದ ಹಾಗೆ. ಬೇಕಾದದ್ದು ಮರಿ, ಎಷ್ಟು ಚಿಕ್ಕದಾದರೆ ಅಷ್ಟು ಒಳ್ಳೆಯದು.

ಆದರೆ ಚಿಕ್ಕ ಮರಿಯಲ್ಲಿ ಸೆಬೆ ಯಾವುದು, ಕ್ಲಾರ್ಕಿ ಯಾವುದು ಅಂತ ಹೇಳುವುದು ಇನ್ನೂ ಕಷ್ಟ. ಬಣ್ಣ ಬಲಿತಿರುವುದಿಲ್ಲ. ಹಾಗಾಗಿ ಮರಿಯನ್ನು ಬಿಟ್ಟು ಅಪ್ಪ ಅಮ್ಮನನ್ನು ಹುಡುಕಲು ನಿರ್ಧರಿಸಿದೆ. ಸೆಬೆಯನ್ನು ತೊಟ್ಟಿಯಲ್ಲೇ ಮೊಟ್ಟೆ ಇಡಿಸಿ ಮರಿ ಬೆಳೆಸುವ ವಿಧಾನವನ್ನು ಮಂಡಪಂನಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಬಹಳ ಹಿಂದೆಯೇ ರೂಪಿಸಿದ್ದಾರೆ. ತಮಿಳುನಾಡಿನ ಕಡೆ ಸಣ್ಣ ಪ್ರಮಾಣದಲ್ಲಿ ಸಾಕುವವರಿದ್ದಾರೆ ಅಂತ ಗೊತ್ತಿತ್ತು. ನಾಲ್ಕು ತಿಂಗಳು ವಿಚಾರಿಸಿದ ಮೇಲೆ ಚೆನ್ನೈನಲ್ಲಿ ಮಹಡಿ ಮನೆಯಲ್ಲೇ ಮರಿ ಮಾಡಿಸುವ ಹಿರಿಯರೊಬ್ಬರು ಸಿಕ್ಕರು. ಮೊದಲ ಫೋನಿನಲ್ಲೇ ಕೇಳಿದೆ: "ಸರ್, ಜೋಡಿಯ ಸೊಂಟ ಕಾಣುವ ಹಾಗೆ ಒಂದು ಫೋಟೊ ಕಳಿಸ್ತೀರಾ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ನೋಡಿ ತಗೊಳ್ಳೋರು. ನಿಮಗೆ ಕೊಡ್ತೀನಿ" ಅಂದರು. ಫೋಟೊ ಬಂತು. ಹ್ಯಾಡೊನಿಯ ಮೇಲೆ ಎರಡು ಮೀನು, ಎರಡಕ್ಕೂ ಸೊಂಟದಲ್ಲಿ ಪಟ್ಟೆಯಿಲ್ಲ, ಎರಡರ ನಡುಪಟ್ಟೆಯೂ ಹಿಂದಕ್ಕೆ ವಾಲಿದೆ. ನನಗೆ ಕಣ್ಣು ತುಂಬಿತು.

ಮೇ 10ರಂದು ರೈಲಿನಲ್ಲಿ ಹೋಗಿ ತಂದೆ. ಮೂರೂವರೆ ಸೆಂಟಿಮೀಟರ್ ಮರಿ, ಹೊಟ್ಟೆ ಇನ್ನೂ ಕಿತ್ತಳೆ. ಆಕ್ಸಿಜನ್ ತುಂಬಿದ ಎರಡು ಪದರದ ಕವರ್, ಅದಕ್ಕೊಂದು ಥರ್ಮಾಕೋಲ್ ಡಬ್ಬ, ಡಬ್ಬ ನನ್ನ ತೊಡೆಯ ಮೇಲೆ. ಆರು ಗಂಟೆಯ ದಾರಿಯಲ್ಲಿ ಒಮ್ಮೆಯೂ ಕೆಳಗಿಡಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು, ಬಹಳ ಜನ ಇಲ್ಲೇ ಮೀನು ಕಳೆದುಕೊಳ್ಳುತ್ತಾರೆ. ಕಟ್ಟಿದ ಕವರಿನಲ್ಲಿ ಮೀನು ಬಿಟ್ಟ ಉಸಿರಿನಿಂದ ನೀರು ಹುಳಿಯಾಗುತ್ತದೆ. ಹುಳಿ ನೀರಿನಲ್ಲಿ ಅಮೋನಿಯಾ ಅಷ್ಟು ವಿಷವಾಗುವುದಿಲ್ಲ. ಕವರ್ ಬಿಚ್ಚಿದ ಕ್ಷಣದಿಂದ ಆ ಹುಳಿ ಹೋಗತೊಡಗುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಹೊಸ ನೀರಿಗೆ ಒಗ್ಗಲಿ ಅಂತ ಕವರ್ ಬಿಚ್ಚಿಟ್ಟು ಎರಡು ಗಂಟೆ ತೊಟ್ಟಿಯ ನೀರನ್ನು ಹನಿ ಹನಿಯಾಗಿ ಬಿಡುವುದು ದೂರದಿಂದ ಬಂದ ಮೀನಿಗೆ ಒಳ್ಳೆಯದಲ್ಲ. ಚೆನ್ನೈನ ಆ ಹಿರಿಯರ ತೊಟ್ಟಿಯ ಉಪ್ಪು (ಸಿಹಿನೀರಿಗೆ ಹೋಲಿಸಿದ ಸಾಂದ್ರತೆಯ ಲೆಕ್ಕದಲ್ಲಿ) 1.021 ಅಂತ ಮೊದಲೇ ಕೇಳಿ, ಕ್ವಾರಂಟೈನ್ ಟಬ್ಬಿನಲ್ಲಿ ಅಷ್ಟೇ ಉಪ್ಪಿನ ನೀರು ಮಾಡಿಟ್ಟಿದ್ದೆ. ಕವರನ್ನು ಅದರಲ್ಲಿ ಇಪ್ಪತ್ತು ನಿಮಿಷ ತೇಲಿಬಿಟ್ಟು, ಬಿಚ್ಚಿದ ತಕ್ಷಣ ಮರಿಯನ್ನು ಟಬ್ಬಿಗೆ ದಾಟಿಸಿದೆ. ಉಪ್ಪನ್ನು 1.025ಕ್ಕೆ ಏರಿಸಿದ್ದು ಆಮೇಲೆ, ಒಂದು ವಾರದಲ್ಲಿ. ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿ ಕ್ಲೌನ್‌ಗಳನ್ನು ಕೆಲವೇ ದಿನದಲ್ಲಿ ಕೊಲ್ಲುತ್ತದೆ, ಆ ಹೆದರಿಕೆಗೆ ಇಪ್ಪತ್ತೇಳು ದಿನ ಬೇರೆಯೇ ಇಟ್ಟೆ. ಮೇ ತಿಂಗಳ ಮಳೆಗೆ ಎರಡು ಸಲ ರಾತ್ರಿಯಿಡೀ ಕರೆಂಟ್ ಹೋಯಿತು. ಬ್ಯಾಟರಿ ಪಂಪ್ ಇಟ್ಟು ಟಬ್ಬಿನ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದೆ.

ಜೂನ್ 6ಕ್ಕೆ ಡಬ್ಬಿಯೊಳಗೆ ಹಾಕಿ ತೊಟ್ಟಿಗಿಳಿಸಿದೆ. ಮೊದಲ ಎರಡು ದಿನ ಕರಿಯಮ್ಮ ಡಬ್ಬಿಯನ್ನು ತಲೆಯಿಂದ ಗುದ್ದಿದಳು. ಗಾಜಿಗೆ ಕಿವಿ ಇಟ್ಟರೆ ಟಕ್ ಟಕ್ ಟಕ್ ಅಂತ ಸದ್ದು. ಅದು ಗುದ್ದಿನ ಸದ್ದಲ್ಲ, ಈ ಮೀನುಗಳು ದವಡೆಯ ಹಲ್ಲು ಬಡಿದು ಹೊರಡಿಸುವ ಸದ್ದು. ಮೂರನೆಯ ದಿನ ಗುದ್ದು ಕಡಿಮೆಯಾಯಿತು. ಐದನೆಯ ರಾತ್ರಿ ತನ್ನ ಮಣ್ಣಿನ ಕುಂಡ ಬಿಟ್ಟು ಬಂದು ಡಬ್ಬಿಗೆ ಒರಗಿ ಮಲಗಿದ್ದಳು. ಅವತ್ತೇ ಡಬ್ಬಿ ತೆಗೆಯೋಣ ಅಂದಳು ಅಮ್ಮ. ಇನ್ನೆರಡು ಮೂರು ದಿನ ತಡಿ ಅಂದೆ.

ಇವತ್ತು ಬೆಳಿಗ್ಗೆ ಕರಿಯಮ್ಮ ಬಾಣದ ಹಾಗೆ ಬಂದಳು. ಬಲೆ ನೀರಿಗೆ ಇಳಿಸಿಯೇಬಿಟ್ಟಿದ್ದೆ. ಮರಿ ಓಡಲಿಲ್ಲ. ಇದ್ದಲ್ಲೇ ಒಂದು ಪಕ್ಕಕ್ಕೆ ವಾಲಿ, ಹೊಟ್ಟೆ ತೋರಿಸಿ, ತಲೆಯಿಂದ ಬಾಲದವರೆಗೆ ಗಡಗಡ ನಡುಗಿತು. ಚಳಿಜ್ವರ ಬಂದವರ ನಡುಕದ ಹಾಗೆ, ಎರಡು ಸೆಕೆಂಡು. ನೀನೇ ದೊಡ್ಡವಳು ಅಂತ ಒಪ್ಪಿಕೊಳ್ಳುವ ರೀತಿ ಅದು. ಓದಿದ್ದೆ, ಕಣ್ಣಾರೆ ಕಂಡದ್ದು ಇವತ್ತೇ. ಕರಿಯಮ್ಮ ಅರ್ಧ ಅಡಿ ದೂರದಲ್ಲಿ ನಿಂತಳು. ಹತ್ತಿರ ಹೋಗಿ ಅದರ ಪಕ್ಕೆಯನ್ನು ಬಾಯಿಂದ ಮೆಲ್ಲಗೆ ಮುಟ್ಟಿದಳು. ಮರಿ ಇನ್ನೊಮ್ಮೆ ನಡುಗಿತು. ಅವಳು ತಿರುಗಿ ಕುಂಡದ ಕಡೆ ಹೊರಟಳು, ಅದು ಹಿಂದೆಯೇ ಹೋಯಿತು.

"ಒಪ್ಪಿದಳು ಬಿಡು" ಅಂದಳು ಅಮ್ಮ.

ಮಧ್ಯಾಹ್ನ ಎರಡು ಸಲ ಅಟ್ಟಿಸಿಕೊಂಡು ಹೋದಳು, ರೆಕ್ಕೆ ಹರಿದಿಲ್ಲ. ಸಂಜೆ ಸೀಗಡಿ ಚೂರು ಹಾಕಿದಾಗ ಮೊದಲು ಅವಳು ತಿಂದಳು, ಮರಿ ಕಾದು ಉಳಿದದ್ದನ್ನು ತಿಂದಿತು. ಇವರ ಮೊಟ್ಟೆ ನೋಡಬೇಕೆಂದರೆ ಮರಿ ಬಲಿತು ಗಂಡಾಗಬೇಕು, ಅದಕ್ಕೆ ತಿಂಗಳುಗಳೇ ಬೇಕು. ಹೆಸರಿಡುವ ಕೆಲಸ ಮಗಳದು, ಅವಳು ಇನ್ನೂ ಯೋಚಿಸುತ್ತಿದ್ದಾಳೆ.

ಈಗ ರಾತ್ರಿ ಹತ್ತೂವರೆ. ದೀಪ ಆರಿಸಿ ಒಂದು ಗಂಟೆಯಾಯಿತು. ಕೆಂಪು ಟಾರ್ಚಿನಲ್ಲಿ ನೋಡಿ ಬಂದೆ. ಕುಂಡದ ಬಾಯಲ್ಲಿ ಕರಿಯಮ್ಮ ಮಲಗಿದ್ದಾಳೆ, ಅವಳ ಹಳದಿ ಬಾಲದ ಹಿಂದೆ, ಕುಂಡದ ಒಳಗೋಡೆಗೆ ಅಂಟಿಕೊಂಡ ಹಾಗೆ, ಪುಟ್ಟದೊಂದು ಬಿಳಿ ಪಟ್ಟೆ ಕಾಣುತ್ತಿದೆ.