2012ರ ಥಿಂಕ್‌ಪ್ಯಾಡಿಗೆ ನಾಲ್ಕು ಕೋರ್

ನಮ್ಮ ಮನೆಯ ಕಪಾಟಿನಲ್ಲಿ 41 ಮಿನಿ ಡಿವಿ ಟೇಪುಗಳಿದ್ದವು. ಎಲ್ಲವೂ ಅಪ್ಪಯ್ಯ ಒಂದು ಕಾಲದಲ್ಲಿ ಊರೂರು ತಿರುಗಿ ರೆಕಾರ್ಡ್ ಮಾಡಿಕೊಂಡು ಬಂದ ತಾಳಮದ್ದಲೆಗಳು. ಅವುಗಳಲ್ಲಿ ಅರ್ಥ ಹೇಳಿದ ಕೆಲವರು ಈಗಿಲ್ಲ. ಮಲೆನಾಡಿನ ಮಳೆಗಾಲ ಗೊತ್ತಲ್ವಾ, ಟೇಪಿಗೆ ಒಂದು ಸಲ ಬೂಷ್ಟು ಹಿಡಿದರೆ ಮುಗಿಯಿತು. ಹಾಗಾಗಿ ಹೋದ ವರ್ಷ ಎಲ್ಲವನ್ನೂ ಒಂದು ಸ್ಟುಡಿಯೊಗೆ ಕೊಟ್ಟು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡೆ. ಒಂದು ಗಂಟೆಯ ಟೇಪಿಗೆ ಸುಮಾರು 13 ಜಿಬಿ ಆಗುತ್ತದೆ. ಅದನ್ನು ನೆಂಟರಿಗೆ ಕಳಿಸುವುದು ಹೇಗೆ? ಒಂದೊಂದನ್ನೂ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಸಾಫ್ಟ್‌ವೇರಿಗೆ ಹಾಕಿ, ಚಿತ್ರದಲ್ಲಿ ಬರುವ ಅಡ್ಡಗೆರೆ ತೆಗೆದು, ಚಿಕ್ಕದು ಮಾಡಬೇಕು.

ನನ್ನ ಹತ್ತಿರ ಇರುವುದು ಥಿಂಕ್‌ಪ್ಯಾಡ್ ಟಿ430 ಲ್ಯಾಪ್‌ಟಾಪ್, 2012ರ ಮಾಡೆಲ್. ಒಳಗಿನ ಪ್ರೊಸೆಸರ್ ಐ5-3320ಎಂ, ಎರಡೇ ಕೋರ್, ಅಂದರೆ ಲೆಕ್ಕ ಮಾಡುವ ಘಟಕ ಎರಡೇ. ಒಂದು ಗಂಟೆಯ ಟೇಪಿಗೆ ಅದು 1 ಗಂಟೆ 40 ನಿಮಿಷ ತೆಗೆದುಕೊಳ್ಳುತ್ತಿತ್ತು, ಅಷ್ಟು ಹೊತ್ತೂ ಬೇರೆ ಯಾವ ಕೆಲಸಕ್ಕೂ ಕೈಗೆ ಬರುತ್ತಿರಲಿಲ್ಲ. ಆಗ ಪ್ರೊಸೆಸರ್ ಬದಲಾಯಿಸುವ ಯೋಚನೆ ಬಂತು.

ಇಲ್ಲಿ ಒಂದು ಮಾತು ಮೊದಲೇ ಹೇಳಬೇಕು. ಲ್ಯಾಪ್‌ಟಾಪ್ ಸ್ಲೋ ಎಂದು ನನ್ನನ್ನು ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಪ್ರೊಸೆಸರ್ ಅಲ್ಲ, ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್. ಆಮೇಲೆ ರ‍್ಯಾಮ್. ಆನ್ ಆಗುವುದಕ್ಕೆ ಎರಡು ಮೂರು ನಿಮಿಷ, ಬ್ರೌಸರ್ ತೆರೆಯುವುದಕ್ಕೆ ಅರ್ಧ ನಿಮಿಷ ಆಗುತ್ತಿದ್ದರೆ ಅದು ಹಳೆಯ ತಿರುಗುವ ಡಿಸ್ಕಿನ ಕೆಲಸ. ನನ್ನದರಲ್ಲಿ ಎಸ್‌ಎಸ್‌ಡಿಯೂ 16 ಜಿಬಿ ರ‍್ಯಾಮೂ ಮೊದಲೇ ಇದ್ದವು, ಟಿ430 ತೆಗೆದುಕೊಳ್ಳುವುದೇ ಅಷ್ಟು. ವಿಡಿಯೊ ಚಿಕ್ಕದು ಮಾಡುವಾಗ ಸಿಸ್ಟಂ ಮಾನಿಟರ್ ತೆರೆದು ನೋಡಿದೆ: ನಾಲ್ಕೂ ಥ್ರೆಡ್ (ಒಂದೊಂದು ಕೋರೂ ಒಟ್ಟಿಗೆ ಎರಡು ಕೆಲಸ ಹಿಡಿಯುತ್ತದೆ, ಹಾಗಾಗಿ ನಾಲ್ಕು) ಪೂರ್ತಿ ಶೇ. 100ರಲ್ಲೇ ನಿಂತಿದ್ದವು, ಡಿಸ್ಕ್ ಸುಮ್ನೆ ಇತ್ತು. ಹೀಗೆ ಕಂಡರೆ ಮಾತ್ರ ಪ್ರೊಸೆಸರಿಗೆ ದುಡ್ಡು ಹಾಕಿ.

ಎರಡನೆಯ ಪ್ರಶ್ನೆ, ಅದನ್ನು ಬಿಚ್ಚಿ ತೆಗೆಯಲು ಬರುತ್ತದೆಯೇ ಎಂಬುದು. ಇಂಟೆಲ್‌ನ ಲೆಕ್ಕ ಹೇಳುತ್ತೇನೆ. ಎರಡನೆಯ ಮತ್ತು ಮೂರನೆಯ (ನನ್ನದು ಇದೇ) ಜನರೇಷನ್ನಿನಲ್ಲಿ ಹೆಸರಿನ ಕೊನೆಗೆ ಎಂ ಅಥವಾ ಕ್ಯೂಎಂ ಇದ್ದರೆ ಸಾಮಾನ್ಯವಾಗಿ ಸಾಕೆಟ್ಟಿನಲ್ಲಿ, ಅಂದರೆ ಬಿಚ್ಚಿ ತೆಗೆಯಬಹುದಾದ ಗೂಡಿನಲ್ಲಿ ಕೂತಿರುತ್ತದೆ. ನಾಲ್ಕನೆಯದರಲ್ಲಿ ಎಂ ಮತ್ತು ಎಂಕ್ಯೂ. ಯು ಅಥವಾ ಎಚ್‌ಕ್ಯೂ ಎಂದಿದ್ದರೆ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಸೆ ಬಿಟ್ಟುಬಿಡಿ. ಟಿ440ಪಿಯಲ್ಲಿ ಬದಲಾಯಿಸಬಹುದು, ಹೆಸರಿನಲ್ಲಿ ಒಂದೇ ಅಕ್ಷರ ಕಡಿಮೆ ಇರುವ ಟಿ440ರಲ್ಲಿ ಆಗುವುದಿಲ್ಲ. ಐದನೆಯ ಜನರೇಷನ್ನಿನಿಂದ ಆಚೆ ಇಂಟೆಲ್‌ನ ಲ್ಯಾಪ್‌ಟಾಪ್ ಪ್ರೊಸೆಸರುಗಳಿಗೆ ಸಾಕೆಟ್ಟೇ ಇಲ್ಲ. ನನಗೆ ಇದು ನಿಜವಾಗಿಯೂ ಬೇಜಾರಿನ ವಿಷಯ. ವಿಂಡೋಸ್ ಇದ್ದರೆ ಸಿಪಿಯು-ಝಡ್ ಎಂಬ ಸಾಫ್ಟ್‌ವೇರ್ ಹಾಕಿ ಪ್ಯಾಕೇಜ್ ಎಂಬ ಸಾಲು ನೋಡಿ. ನನ್ನದಕ್ಕೆ ಸಾಕೆಟ್ 988ಬಿ ಆರ್‌ಪಿಜಿಎ ಎಂದು ಬಂತು, ಅಂದರೆ ಬಿಚ್ಚಬಹುದು.

ಮೂರನೆಯದು ಬಿಸಿ. ಹಳೆಯ ಐ5 35 ವ್ಯಾಟಿನದು, ಫ್ಯಾನೂ ಬಿಸಿ ಎಳೆದುಕೊಳ್ಳುವ ಹೀಟ್‌ಸಿಂಕೂ ಅದಕ್ಕೆ ತಕ್ಕ ಹಾಗೆ ಇವೆ. ನಾಲ್ಕು ಕೋರಿನ ಐ7-3630ಕ್ಯೂಎಂ, 3720ಕ್ಯೂಎಂ ಎಲ್ಲ 45 ವ್ಯಾಟ್. ಹಾಕಿಕೊಂಡವರು ಬೇಕಾದಷ್ಟು ಜನ ಇದ್ದಾರೆ, ಆದರೆ ಬೇಸಿಗೆಯಲ್ಲಿ ಗಂಟೆಗಟ್ಟಲೆ ಪೂರ್ತಿ ಲೋಡಿನಲ್ಲಿ ಓಡಿಸುವುದಕ್ಕೆ ನನಗೆ ಮನಸ್ಸಾಗಲಿಲ್ಲ. 3612ಕ್ಯೂಎಂ ಮತ್ತು 3632ಕ್ಯೂಎಂ ಎರಡು ಮಾತ್ರ ನಾಲ್ಕು ಕೋರ್, ಎಂಟು ಥ್ರೆಡ್ ಇದ್ದೂ 35 ವ್ಯಾಟಿನಲ್ಲೇ ನಿಲ್ಲುತ್ತವೆ. ನಾನು ಹುಡುಕಿದ್ದು 3632ನ್ನು. ಇದು ಬೆಸುಗೆ ಹಾಕುವ ರೂಪದಲ್ಲೂ ಬಂದಿತ್ತು, ಆದ್ದರಿಂದ ಕೊಳ್ಳುವ ಮೊದಲು ಕೆಳಗಡೆ ಪಿನ್ನು ಇದೆಯಾ ನೋಡಲೇಬೇಕು.

ಬೆಂಗಳೂರಿಗೆ ಹೋದಾಗ ಎಸ್‌.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದೆ. ಐದಾರು ಅಂಗಡಿಯಲ್ಲಿ ಒಂದೇ ಉತ್ತರ: "ಲ್ಯಾಪ್‌ಟಾಪ್ ಪ್ರೊಸೆಸರ್ ಚೇಂಜ್ ಆಗಲ್ಲ ಸರ್, ಹೊಸದೇ ತಗೊಳ್ಳಿ." ಕೊನೆಗೆ ಕೆಟ್ಟ ಬೋರ್ಡುಗಳಿಂದ ಬಿಚ್ಚಿದ ಚಿಪ್ಪುಗಳನ್ನು ಡಬ್ಬಿ ತುಂಬ ಇಟ್ಟುಕೊಂಡವರೊಬ್ಬರು ಸಿಕ್ಕರು. ಅವರು ಮೊದಲು ಕೊಟ್ಟದ್ದರ ಮೇಲೆ ಇಂಟೆಲ್ ಕಾನ್ಫಿಡೆನ್ಶಿಯಲ್ ಎಂದು ಅಚ್ಚಾಗಿತ್ತು. ಅದು ಮಾರಾಟಕ್ಕೆ ಮಾಡಿದ್ದಲ್ಲ, ಪರೀಕ್ಷೆಗೆಂದು ಕೊಡುವ ಸ್ಯಾಂಪಲ್. ಅಂಥದ್ದು ಕೆಲವು ಬಯೋಸ್‌ಗಳಲ್ಲಿ (ಕಂಪ್ಯೂಟರನ್ನು ಶುರು ಮಾಡುವ, ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಆನ್ ಆಗುವುದೇ ಇಲ್ಲ. ವಾಪಸ್ ಕೊಟ್ಟೆ. ಎರಡನೆಯದು ಸರಿಯಾದದ್ದು, ₹3,500ಕ್ಕೆ ಬಂತು.

ಹಾಕುವ ಮೊದಲು, ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಿ. ಹೊಸ ಚಿಪ್ಪನ್ನು ಬೋರ್ಡು ಗುರುತು ಹಿಡಿಯದಿದ್ದರೆ ಆಮೇಲೆ ಮಾಡಲು ಬರುವುದಿಲ್ಲ. ಬ್ಯಾಟರಿ ತೆಗೆದು, ಕೀಬೋರ್ಡು ಮತ್ತು ಅದರ ಸುತ್ತಲಿನ ಚೌಕಟ್ಟು ಎಬ್ಬಿಸಿದರೆ ಫ್ಯಾನು ಕಾಣುತ್ತದೆ. ಅದನ್ನು ಬಿಚ್ಚಿದರೆ ಕೆಳಗೆ ಪ್ರೊಸೆಸರ್. ಸಾಕೆಟ್ಟಿನ ಪಕ್ಕದಲ್ಲಿ ಒಂದು ಸ್ಕ್ರೂ, ಅದನ್ನು ಅರ್ಧ ಸುತ್ತು ತಿರುಗಿಸಿದರೆ ಚಿಪ್ಪು ಸಡಿಲವಾಗಿ ಕೈಗೆ ಬರುತ್ತದೆ. ಹೊಸದನ್ನು ಮೂಲೆಯ ತ್ರಿಕೋನದ ಗುರುತು ನೋಡಿ ಇಡಬೇಕು. ಒತ್ತಲೇಬಾರದು, ತಾನಾಗಿ ಕೂರುತ್ತದೆ. ಕೂರಲಿಲ್ಲ ಎಂದರೆ ಪಿನ್ನು ಬಾಗಿದೆ ಅಥವಾ ದಿಕ್ಕು ತಪ್ಪಿದೆ ಎಂದೇ ಅರ್ಥ.

ನನ್ನ ತಪ್ಪು ಆದದ್ದು ಹೀಟ್‌ಸಿಂಕ್ ಹಾಕುವಾಗ. ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಹೊಸದು ಹಚ್ಚಿದ್ದೆ, ಆದರೆ ಒಂದು ಮೂಲೆಯ ಸ್ಕ್ರೂವನ್ನು ಮೊದಲೇ ಪೂರ್ತಿ ಬಿಗಿದುಬಿಟ್ಟೆ. ಲ್ಯಾಪ್‌ಟಾಪ್ ಆನ್ ಆಯಿತು, ಎಂಟು ಥ್ರೆಡ್ ಕಂಡವು, ಖುಷಿಯಲ್ಲಿ ಟೇಪು ಓಡಿಸಿದೆ. ಎರಡೇ ನಿಮಿಷಕ್ಕೆ 97 ಡಿಗ್ರಿ! ಈ ಪ್ರೊಸೆಸರಿನ ಮಿತಿ 105. ತಕ್ಷಣ ನಿಲ್ಲಿಸಿ, ತಣ್ಣಗಾದ ಮೇಲೆ ಬಿಚ್ಚಿ ನೋಡಿದರೆ ಪೇಸ್ಟು ಒಂದೇ ಕಡೆ ಒತ್ತಿಕೊಂಡು ಇನ್ನೊಂದು ಕಡೆ ದಪ್ಪಗೆ ನಿಂತಿತ್ತು. ಹೀಟ್‌ಸಿಂಕ್ ಓರೆಯಾಗಿ ಕೂತಿತ್ತು. ಮತ್ತೆ ಒರೆಸಿ, ಪೇಸ್ಟು ಹಚ್ಚಿ, ಈ ಸಲ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದೆ. ಈಗ ಗಂಟೆಗಟ್ಟಲೆ ಓಡಿದರೂ 84ರ ಆಸುಪಾಸಿನಲ್ಲೇ ಇರುತ್ತದೆ.

ಅದೇ ಟೇಪು, ಅದೇ ಸೆಟ್ಟಿಂಗು: 1 ಗಂಟೆ 40 ನಿಮಿಷದ ಜಾಗದಲ್ಲಿ 56 ನಿಮಿಷ. ಕೋರು ಎರಡರಷ್ಟಾದರೂ ಸಮಯ ಸರಿಯಾಗಿ ಅರ್ಧಕ್ಕೆ ಇಳಿಯಲಿಲ್ಲ, ಯಾಕೆಂದರೆ ಒಂದೊಂದು ಕೋರಿನ ವೇಗ ಹಳೆಯದಕ್ಕಿಂತ ಸ್ವಲ್ಪ ಕಡಿಮೆ. ಐ5ರ ಗರಿಷ್ಠ 3.3 ಗಿಗಾಹರ್ಟ್ಸ್, ಇದರದ್ದು 3.2. ಹಾಗಾಗಿ ಬರೀ ಟೈಪ್ ಮಾಡುವಾಗ, ಬ್ರೌಸರ್ ನೋಡುವಾಗ ನನಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಳಗಿನ ಗ್ರಾಫಿಕ್ಸ್ ಕೂಡ ಅದೇ ಎಚ್‌ಡಿ 4000, ಗೇಮ್ ಆಡುವವರು ಇದರಿಂದ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ವಿಂಡೋಸ್ 11 ಕೂಡ ಅಧಿಕೃತವಾಗಿ ಸಿಗುವುದಿಲ್ಲ, ಅದಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ಜನರೇಷನ್ನಾದರೂ ಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಾನು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೇನೆ.

ನನಗೆ ದೊಡ್ಡದೆನಿಸಿದ್ದು ನಿಮಿಷದ ಲೆಕ್ಕಕ್ಕಿಂತ ಬೇರೆ. ಮೊದಲು ರಾತ್ರಿ ಮಲಗುವಾಗ ಒಂದು ಟೇಪು ಹಾಕಿ ಬಿಡುತ್ತಿದ್ದೆ, ಸರಿ ಬಂತೋ ಇಲ್ಲವೋ ಎಂದು ಬೆಳಿಗ್ಗೆ ನೋಡುತ್ತಿದ್ದೆ. ಈಗ ಸಂಜೆ ಹಾಕಿದರೆ ಊಟದ ಹೊತ್ತಿಗೆ ಸಿದ್ಧ. ಅಪ್ಪಯ್ಯ ಪಕ್ಕದಲ್ಲಿ ಕೂತು ಭಾಗವತರು ಯಾರು, ಮದ್ದಲೆ ಯಾರದ್ದು, ಯಾವ ಊರಿನ ಯಾರ ಮನೆಯ ಚಪ್ಪರ ಅದು ಎಂದು ಹೇಳುತ್ತಾರೆ, ನಾನು ಫೈಲಿನ ಹೆಸರಿನಲ್ಲೇ ಬರೆದುಕೊಳ್ಳುತ್ತೇನೆ. ನಿನ್ನೆ 23ನೆಯದು ಮುಗಿಯಿತು. ಇನ್ನು 18 ಇವೆ.